ನಮ್ಮ ಕಡೆಯಿಂದ ಹೋಗಿದೆ

ಏನಾದರೂ ಕೆಟ್ಟಾಗ ಎಲ್ಲ ತಂಡದವರೂ ಒಂದೇ ಫೋನ್ ಲೈನಿನಲ್ಲಿ ಸೇರುವ ರಾತ್ರಿ ಹೊತ್ತಿನ ಬ್ರಿಡ್ಜ್ ಕಾಲ್‌ಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: ‘ನಮ್ಮ ಕಡೆಯಿಂದ ಹೋಗಿದೆ.’ ಆರ್ಡರ್ ತೆಗೆದುಕೊಳ್ಳುವ ಅಪ್ಲಿಕೇಶನ್‌ನವರು ಲಾಗ್ ತೆರೆದು, ಇಂಥ ಗಂಟೆ ಇಂಥ ನಿಮಿಷಕ್ಕೆ ಮೆಸೇಜ್ ಹಾಕಿದ್ದೇವೆ, ತೊಂದರೆಯಿಲ್ಲ ಎನ್ನುವ ರೀಸನ್ ಕೋಡ್ ಸೊನ್ನೆ ಬಂದಿದೆ ಅನ್ನುತ್ತಾರೆ. ಅಪ್ಲಿಕೇಶನ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವ ಮಿಡಲ್‌ವೇರ್‌ನವರು ಮೆಸೇಜ್ ಸಾಗುವ ಚಾನೆಲ್ ಓಡುತ್ತಿದೆ, ಅವು ಸರದಿ ಕಾಯುವ ಕ್ಯೂ ಖಾಲಿ ಇದೆ ಅನ್ನುತ್ತಾರೆ. ಗೋದಾಮಿನ ಅಪ್ಲಿಕೇಶನ್‌ನವರು ನಮಗೆ ಬಂದದ್ದನ್ನೆಲ್ಲ ಮುಗಿಸಿದ್ದೇವೆ, ಬಾಕಿ ಏನೂ ಉಳಿದಿಲ್ಲ ಅನ್ನುತ್ತಾರೆ. ಮೂವರ ಮಾತೂ ನಿಜ. ಯಾರೂ ನುಣುಚಿಕೊಳ್ಳುತ್ತಿಲ್ಲ, ಯಾರ ಲಾಗೂ ಸುಳ್ಳು ಹೇಳುತ್ತಿಲ್ಲ. ಆದರೆ ಸಾಮಾನು ಮಾತ್ರ ಗ್ರಾಹಕನಿಗೆ ತಲುಪಿಲ್ಲ.

ಮೂರು ನಿಜಗಳನ್ನು ಕೂಡಿಸಿದರೂ ಒಂದು ಕೆಲಸ ಆಗದೆ ಉಳಿಯುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ನನ್ನ ಕೆಲಸವೇ ಇದು: ಒಂದು ಕಂಪನಿಯ ಬೇರೆ ಬೇರೆ ಅಪ್ಲಿಕೇಶನ್‌ಗಳನ್ನು ಮೆಸೇಜ್ ಕ್ಯೂ ಮೂಲಕ ಜೋಡಿಸುವುದು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಲೆಕ್ಕವಿಲ್ಲ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತು ಎಲ್ಲಿಯದೋ ಬ್ಯಾಂಕಿನ, ಎಲ್ಲಿಯದೋ ವಿಮಾನ ಸಂಸ್ಥೆಯ ಕ್ಯೂಗಳನ್ನು ಕಾಯುವವರು ಅವರು. ಆದರೂ ನಾವು ನಾವೇ ಸೇರಿದಾಗ ಮಾತು ಯಾವಾಗಲೂ ಯಾವ ಪ್ರಾಡಕ್ಟ್ ಒಳ್ಳೆಯದು, ಸೆಕೆಂಡಿಗೆ ಎಷ್ಟು ಮೆಸೇಜ್ ದಾಟುತ್ತದೆ ಎಂಬುದರ ಸುತ್ತಲೇ ಸುತ್ತುತ್ತದೆ. ದಾಟದೆ ಉಳಿದ ಮೆಸೇಜ್ ಯಾರದು ಎಂಬ ಮಾತು ಬರುವುದು ಅಪರೂಪ.

ಕ್ಯೂ ಕೊಡುವ ಮಾತು

ಮೊದಲೇ ಹೇಳಿಬಿಡುತ್ತೇನೆ, ಕ್ಯೂ ಎಂಬ ಕಲ್ಪನೆಯ ಮೇಲೆ ನನಗೆ ಅಪಾರ ಗೌರವ. ಎರಡು ಪ್ರೋಗ್ರಾಂಗಳು ನೇರವಾಗಿ ಮಾತಾಡಬೇಕೆಂದರೆ ಎರಡೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರಬೇಕು. ಪೀಣ್ಯದ ಗೋದಾಮಿನಲ್ಲಿ ಕರೆಂಟ್ ಹೋದರೆ ರಾಜಾಜಿನಗರದ ಆಫೀಸಿನಲ್ಲಿ ಆರ್ಡರ್ ಹಾಕುತ್ತಿರುವವರ ಸ್ಕ್ರೀನೂ ಸುತ್ತುತ್ತಾ ನಿಲ್ಲುತ್ತದೆ. ಮಧ್ಯೆ ಕ್ಯೂ ಇದ್ದರೆ ಆಫೀಸಿನವರು ಆರ್ಡರ್ ಹಾಕಿ ಮುಂದಿನ ಕೆಲಸಕ್ಕೆ ಹೋಗಬಹುದು. ಮೆಸೇಜ್ ಡಿಸ್ಕಿನ ಮೇಲೆ ಕೂತಿರುತ್ತದೆ. ಪೀಣ್ಯದ ಯಂತ್ರ ಎದ್ದಾಗ ಎತ್ತಿಕೊಳ್ಳುತ್ತದೆ. ಒಬ್ಬರ ತೊಂದರೆ ಇನ್ನೊಬ್ಬರ ಕೆಲಸವನ್ನು ನಿಲ್ಲಿಸುವುದಿಲ್ಲ. ಒಂದು ಕಡೆಯ ಸಾಫ್ಟ್‌ವೇರ್ ಬದಲಾದರೆ ಇನ್ನೊಂದು ಕಡೆಯವರಿಗೆ ಗೊತ್ತಾಗಬೇಕೆಂದೂ ಇಲ್ಲ. ಐಬಿಎಂ 1993ರಲ್ಲಿ ಎಂಕ್ಯೂಸೀರೀಸ್ ಎಂಬ ಕ್ಯೂ ಸಾಫ್ಟ್‌ವೇರ್ ಬಿಡುಗಡೆ ಮಾಡಿದಾಗ ದೊಡ್ಡ ಬ್ಯಾಂಕುಗಳು ಅದನ್ನು ಹಿಡಿದುಕೊಂಡದ್ದು ಇದಕ್ಕೇ. ವೆಬ್‌ಸ್ಫಿಯರ್ ಎಂಕ್ಯೂ ಎಂದು ಹೆಸರು ಬದಲಾಗಿ, 2014ರಲ್ಲಿ ಐಬಿಎಂ ಎಂಕ್ಯೂ ಆಗಿ, ಇಂದಿಗೂ ಅದು ಓಡುತ್ತಲೇ ಇದೆ. ಅದರ 1414 ಪೋರ್ಟ್ ಸಂಖ್ಯೆ ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯ ನಂಬರಿಗಿಂತ ಚೆನ್ನಾಗಿ ನೆನಪಿದೆ.

ಆಮೇಲೆ ಬಂದವರು ಒಬ್ಬೊಬ್ಬರೂ ಒಂದೊಂದು ಕೊರತೆ ತುಂಬಿದರು. ಒಂದು ಕಂಪನಿಯ ಕ್ಯೂ ಇನ್ನೊಂದು ಕಂಪನಿಯ ಕ್ಯೂ ಜೊತೆ ಮಾತಾಡುತ್ತಿರಲಿಲ್ಲ. ಜೆಪಿ ಮೋರ್ಗನ್ ಚೇಸ್‌ನಲ್ಲಿದ್ದ ಜಾನ್ ಒ'ಹಾರಾ 2003ರ ಹೊತ್ತಿಗೆ ಎಎಂಕ್ಯೂಪಿ ಎಂಬ, ಕ್ಯೂಗಳು ಪರಸ್ಪರ ಮಾತಾಡುವ ಮುಕ್ತ ನಿಯಮಾವಳಿಯ (ಪ್ರೋಟೋಕಾಲ್) ಕೆಲಸ ಶುರು ಮಾಡಿದ್ದು ಆ ಕಾರಣಕ್ಕೆ. 2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂ ಅದನ್ನು ಸಣ್ಣ ತಂಡಗಳ ಕೈಗೂ ತಂದುಕೊಟ್ಟಿತು. ಲಿಂಕ್ಡ್‌ಇನ್‌ನಲ್ಲಿ ಜೇ ಕ್ರೆಪ್ಸ್, ನಮ್ಮ ಪುಣೆಯ ನೇಹಾ ನರ್ಖೇಡೆ, ಜುನ್ ರಾವ್ ಸೇರಿ ಕಟ್ಟಿದ ಕಾಫ್ಕಾ 2011ರಲ್ಲಿ ಮುಕ್ತವಾಗಿ ಸಿಗುವಂತಾಯಿತು. ಪ್ರತಿಯೊಂದೂ ಮೆಸೇಜನ್ನು ಇನ್ನಷ್ಟು ವೇಗವಾಗಿ, ಇನ್ನಷ್ಟು ಅಗ್ಗವಾಗಿ ದಾಟಿಸಿತು.

ಆದರೆ ಕ್ಯೂ ಕೊಡುವ ಮಾತು ಎಲ್ಲಿಯವರೆಗೆ ಎಂಬುದನ್ನು ಗಟ್ಟಿಯಾಗಿ ಓದಿಕೊಳ್ಳಬೇಕು. ‘ನೀನು ಕೊಟ್ಟದ್ದನ್ನು ನಾನು ಕಳೆಯುವುದಿಲ್ಲ’ ಎಂದಷ್ಟೇ ಅದು ಹೇಳುವುದು. ಅದೂ ಮೆಸೇಜನ್ನು ಪರ್ಸಿಸ್ಟೆಂಟ್, ಅಂದರೆ ಡಿಸ್ಕಿನಲ್ಲಿ ಉಳಿಯಬೇಕಾದದ್ದು, ಎಂದು ಗುರುತು ಮಾಡಿದ್ದರೆ ಮಾತ್ರ. ‘ನೀನು ಹೇಳಿದ ಕೆಲಸ ಆಗುತ್ತದೆ’ ಎಂದು ಅದು ಎಂದೂ ಹೇಳಿಲ್ಲ. ರೀಸನ್ ಕೋಡ್ ಸೊನ್ನೆ ಎಂದರೆ ಮೆಸೇಜ್ ಕ್ಯೂಗಳನ್ನು ನಡೆಸುವ, ನನ್ನ ಪಕ್ಕದ ಕ್ಯೂ ಮ್ಯಾನೇಜರ್ ಎಂಬ ಪ್ರೋಗ್ರಾಂ ಕೈಗೆ ಸೇರಿತು ಎಂದು ಅರ್ಥ, ಆಚೆ ಊರು ತಲುಪಿತು ಎಂದಲ್ಲ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಮೊದಲನೇ ವಾಕ್ಯ ಮೀಟಿಂಗಿನಿಂದ ಮೀಟಿಂಗಿಗೆ ಸಾಗುತ್ತಾ ಸಾಗುತ್ತಾ ಎರಡನೇ ವಾಕ್ಯವಾಗಿಬಿಡುತ್ತದೆ. ಆರ್ಕಿಟೆಕ್ಚರ್ ಚಿತ್ರದಲ್ಲಿ ಎರಡು ಚೌಕಗಳ ನಡುವೆ ಒಂದು ಬಾಣ ಎಳೆದ ಮೇಲೆ, ಆ ಬಾಣದ ಉದ್ದಕ್ಕೂ ಏನೇನು ಆಗಬಹುದು ಎಂದು ಕೇಳುವುದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಪೀಣ್ಯದ ಗೋದಾಮಿನಲ್ಲಿ

ಪೀಣ್ಯ ಎರಡನೇ ಹಂತದಲ್ಲಿ ಪಂಪ್‌ಗಳ ಬಿಡಿಭಾಗ ಮಾಡುವ ಒಂದು ಕಂಪನಿಗೆ ನಾನು ಕೆಲಸ ಮಾಡಿಕೊಟ್ಟಿದ್ದೆ. ಹೆಸರು ಬೇಡ. ರಾಜ್ಯದ ನಾಲ್ಕಾರು ಊರಿನಲ್ಲಿ ಅವರಿಗೆ ಶಾಖೆಗಳು. ಶಾಖೆಯಲ್ಲಿ ಹಾಕಿದ ಆರ್ಡರ್ ಮೆಸೇಜಾಗಿ ಪೀಣ್ಯದ ಗೋದಾಮಿಗೆ ಬರಬೇಕು, ಅಲ್ಲಿ ಸ್ಟೋರ್ಸ್‌ನವರು ಸಾಮಾನು ತೆಗೆದು, ಪ್ಯಾಕ್ ಮಾಡಿ, ಬಿಲ್ ಮಾಡಿ ಲಾರಿಗೆ ಹಾಕಬೇಕು. ಯಾರದೂ ದೂರಿರಲಿಲ್ಲ. ನಾನು ಹೋದದ್ದೇ ಬೇರೆ ಕೆಲಸಕ್ಕೆ, ಸರ್ವರ್ ಬದಲಾಯಿಸುವುದಿತ್ತು. ಹಳೆಯದನ್ನು ಆರಿಸುವ ಮುಂಚೆ ಎಲ್ಲ ಕ್ಯೂಗಳ ಆಳ, ಅಂದರೆ ಒಳಗೆ ಎಷ್ಟು ಮೆಸೇಜ್ ಕೂತಿವೆ ಎಂದು, ನೋಡುವುದು ವಾಡಿಕೆ. ಉಳಿದವೆಲ್ಲ ಸೊನ್ನೆ. ಡೆಡ್ ಲೆಟರ್ ಕ್ಯೂನಲ್ಲಿ ಮಾತ್ರ ತಿಂಗಳುಗಟ್ಟಲೆಯ ಮೆಸೇಜ್‌ಗಳು ಕೂತಿದ್ದವು.

ಈ ಕೆಲಸದಲ್ಲಿಲ್ಲದವರಿಗಾಗಿ ಎರಡು ಮಾತು. ವಿಳಾಸ ಸಿಗದ, ಇಲ್ಲವೇ ಹೋಗಬೇಕಾದ ಕ್ಯೂ ತುಂಬಿಹೋಗಿರುವ ಮೆಸೇಜನ್ನು ಕ್ಯೂ ಮ್ಯಾನೇಜರ್ ಎಸೆಯುವುದಿಲ್ಲ. ಡೆಡ್ ಲೆಟರ್ ಕ್ಯೂ ಎಂಬ ಜಾಗಕ್ಕೆ ಹಾಕಿ, ಮೆಸೇಜಿನ ತಲೆಗೆ ಒಂದು ಚೀಟಿ ಅಂಟಿಸುತ್ತದೆ: ಎಲ್ಲಿಗೆ ಹೋಗಬೇಕಿತ್ತು, ಯಾವತ್ತು ಬಂತು, ಯಾಕೆ ಹೋಗಲಿಲ್ಲ. ಒಂದೊಂದು ಕಾರಣಕ್ಕೂ ಒಂದು ಕೋಡ್ ಸಂಖ್ಯೆ. ಕ್ಯೂ ತುಂಬಿದ್ದರೆ 2053. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಒಂದು ಕ್ಯೂಗೆ ಹಿಡಿಸುವುದು 5000 ಮೆಸೇಜ್, ಹಬ್ಬದ ಸೀಸನ್‌ನಲ್ಲಿ ಅದು ಬಹಳ ಬೇಗ ತುಂಬುತ್ತದೆ. ಆ ಹೆಸರಿನ ಕ್ಯೂ ಇಲ್ಲವೇ ಇಲ್ಲ ಎಂದರೆ 2085. ಪೀಣ್ಯದಲ್ಲಿ ಕೂತಿದ್ದವೆಲ್ಲ 2085. ಬಂದಿದ್ದೆಲ್ಲ ಹುಬ್ಬಳ್ಳಿ ಶಾಖೆಯಿಂದ. ಯಾವಾಗಲೋ ಅಪ್‌ಗ್ರೇಡ್ ಮಾಡಿದಾಗ ಗೋದಾಮಿನ ಕ್ಯೂ ಹೆಸರು ಬದಲಾಗಿತ್ತು. ಎಲ್ಲ ಶಾಖೆಗಳಲ್ಲಿ ತಿದ್ದಿದ್ದರು. ಹುಬ್ಬಳ್ಳಿಯಲ್ಲಿ ಒಂದು ಬಗೆಯ ಆರ್ಡರಿನ, ಅಂದರೆ ಬಿಡಿಭಾಗಗಳ ತುರ್ತು ಆರ್ಡರಿನ ದಾರಿಯಲ್ಲಿ ಹಳೆಯ ಹೆಸರೇ ಉಳಿದಿತ್ತು. ಮೆಸೇಜ್‌ಗಳು ಹುಬ್ಬಳ್ಳಿಯಿಂದ ಸರಿಯಾಗಿ ಹೊರಟು, ಪೀಣ್ಯದವರೆಗೂ ಸರಿಯಾಗಿ ಬಂದು, ಬಾಗಿಲು ಸಿಗದೆ ಪಕ್ಕಕ್ಕೆ ಸರಿದಿದ್ದವು. ಚಾನೆಲ್ ಹಸಿರು. ಕ್ಯೂ ಖಾಲಿ. ಮಾನಿಟರಿಂಗ್ ಬೋರ್ಡಿನಲ್ಲಿ ಒಂದೂ ಕೆಂಪು ಚುಕ್ಕಿ ಇಲ್ಲ. ಡೆಡ್ ಲೆಟರ್ ಕ್ಯೂ ಆ ಬೋರ್ಡಿನಲ್ಲೇ ಇರಲಿಲ್ಲ.

ಐಟಿ ವಿಭಾಗದವರ ಮೊದಲ ಯೋಚನೆ ಸಹಜವಾಗಿತ್ತು. ಹೆಸರು ಸರಿಪಡಿಸಿ, ಕೂತಿರುವುದನ್ನೆಲ್ಲ ಮತ್ತೆ ಕ್ಯೂಗೆ ಹಾಕಿಬಿಡೋಣ. ಐಬಿಎಂ ಎಂಕ್ಯೂ ಜೊತೆಗೇ ಅದಕ್ಕೊಂದು ಉಪಕರಣ ಬರುತ್ತದೆ. ನಾಲ್ಕು ಸಾಲಿನ ನಿಯಮ ಬರೆದುಕೊಟ್ಟರೆ ಅದೇ ಒಂದೊಂದಾಗಿ ಎತ್ತಿ ಸರಿಯಾದ ಜಾಗಕ್ಕೆ ಹಾಕುತ್ತದೆ. ಹತ್ತು ನಿಮಿಷದ ಕೆಲಸ. ನನಗೆ ಮನಸ್ಸು ಒಪ್ಪಲಿಲ್ಲ. ಇಷ್ಟು ತಿಂಗಳು ತುರ್ತು ಆರ್ಡರ್‌ಗಳು ಬಾರದೇ ಇದ್ದರೂ ಹುಬ್ಬಳ್ಳಿಯಿಂದ ಒಂದು ಗಲಾಟೆಯೂ ಆಗಿಲ್ಲವಲ್ಲ, ಅದು ಹೇಗೆ? ಮೆಸೇಜ್‌ಗಳ ಒಳಗಿದ್ದುದನ್ನು ಓದಲು ಬರುವಂತೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮೆಟ್ಟಿಲಿಳಿದು ಸ್ಟೋರ್ಸ್‌ಗೆ ಹೋದೆ.

ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ನೆಲಮಂಗಲದ ಕಡೆಯ ಹಿರಿಯರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು, ಪಂಪಿನೊಳಗೆ ತಿರುಗುವ ಒಂದು ಇಂಪೆಲ್ಲರನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತಿದ್ದರು. ಪಟ್ಟಿ ಕೊಟ್ಟೆ. ಮೊದಲನೆಯ ಸಾಲಿನ ಪಾರ್ಟ್ ನಂಬರ್ ನೋಡಿದ ಕೂಡಲೇ, ‘ಇದು ಕಳಿಸಾಯ್ತಲ್ಲ ಸಾರ್’ ಅಂದರು. ಎರಡನೆಯದು, ‘ಇದೂ ಹೋಯ್ತು.’ ಮೂರನೆಯದರ ಹತ್ತಿರ ಬೆರಳು ನಿಂತಿತು. ‘ಇದು ಗೊತ್ತಿಲ್ಲ.’ ಮೇಜಿನ ಕೆಳಗಿಂದ ಒಂದು ಲಾಂಗ್ ಸೈಜ್ ನೋಟ್ ಬುಕ್ ತೆಗೆದರು. ಹೊದಿಕೆಯ ಮೇಲೆ ಮಾರ್ಕರ್‌ನಲ್ಲಿ ‘ಹುಬ್ಬಳ್ಳಿ ಫೋನ್’ ಎಂದು ಬರೆದಿತ್ತು. ಒಳಗೆ ದಿನಾಂಕ, ಪಾರ್ಟ್ ನಂಬರ್, ಎಷ್ಟು, ಯಾರು ಫೋನ್ ಮಾಡಿದ್ದು, ಯಾವ ಲಾರಿಗೆ ಹಾಕಿದ್ದು, ಎಲ್ಲ ನೀಟಾಗಿ ಗೆರೆ ಹೊಡೆದ ಅಂಕಣಗಳಲ್ಲಿ.

ಕಥೆ ಹೀಗಿತ್ತು. ಹುಬ್ಬಳ್ಳಿಯವರು ತುರ್ತು ಆರ್ಡರ್ ಹಾಕಿದರೆ ಎರಡು ದಿನವಾದರೂ ಸಾಮಾನು ಬರುತ್ತಿರಲಿಲ್ಲ. ಕಂಪ್ಯೂಟರ್ ನಿಧಾನ ಇರಬೇಕು ಎಂದುಕೊಂಡು ಸಂಜೆ ಫೋನ್ ಮಾಡಿದರು. ಇವರೂ ಕಂಪ್ಯೂಟರ್ ನಿಧಾನ ಇರಬೇಕು ಎಂದುಕೊಂಡು, ಫೋನ್‌ನಲ್ಲಿ ಹೇಳಿದ್ದನ್ನು ಬರೆದುಕೊಂಡು, ಕೈಬಿಲ್ ಮಾಡಿ ಕಳಿಸಿದರು. ಆಮೇಲೆ ಅದೇ ರೂಢಿಯಾಯಿತು. ದಿನಾ ಸಂಜೆ ಒಂದು ಫೋನ್, ಒಂದು ಪುಟ. ‘ಗಿರಾಕಿ ಬೋರ್‌ವೆಲ್ ನಿಂತೋಗಿರುತ್ತೆ ಸಾರ್, ಬೆಳೆ ಒಣಗ್ತಿರುತ್ತೆ, ನಾವು ಕಂಪ್ಯೂಟರ್ ಕಾಯ್ಕೊಂಡು ಕೂರಕಾಯ್ತದಾ?’ ಅಂದರು ಅವರು. ಒಂದಿಷ್ಟೂ ದೂರಿನ ದನಿ ಇರಲಿಲ್ಲ.

ಇಡೀ ಮಧ್ಯಾಹ್ನ ಇಬ್ಬರೂ ಕೂತು ಪಟ್ಟಿಯನ್ನೂ ನೋಟ್ ಬುಕ್ಕನ್ನೂ ತಾಳೆ ನೋಡಿದೆವು. ಹೆಚ್ಚಿನವು ಫೋನ್ ಮೂಲಕ ಆಗಲೇ ಹೋಗಿದ್ದವು. ಅವನ್ನೆಲ್ಲ ಮತ್ತೆ ಕ್ಯೂಗೆ ಹಾಕಿದ್ದರೆ ಗೋದಾಮಿನ ಅಪ್ಲಿಕೇಶನ್ ಎಲ್ಲವನ್ನೂ ಹೊಸ ಆರ್ಡರ್ ಎಂದು ತಿಳಿದು ಒಂದು ಲಾರಿ ಲೋಡು ಸಾಮಾನನ್ನು ಎರಡನೇ ಸಲ ಹುಬ್ಬಳ್ಳಿಗೆ ಕಳಿಸುತ್ತಿತ್ತು. ಕೆಲವು ಆರ್ಡರ್‌ಗಳು ನೋಟ್ ಬುಕ್ಕಿನಲ್ಲಿರಲಿಲ್ಲ. ಅವಕ್ಕೆ ಯಾರೂ ಫೋನ್ ಮಾಡಿರಲಿಲ್ಲ. ಹುಬ್ಬಳ್ಳಿಗೆ ಕೇಳಿದಾಗ ತಿಳಿಯಿತು, ಕೆಲವು ಗಿರಾಕಿಗಳು ಬೇರೆ ಅಂಗಡಿಯಲ್ಲಿ ಕೊಂಡು ಸುಮ್ಮನಾಗಿದ್ದರು. ಗದಗ ಕಡೆಯ ಒಬ್ಬ ರೈತರು ಮಾತ್ರ ಬರುತ್ತದೆಂದು ಕಾಯುತ್ತಲೇ ಇದ್ದರಂತೆ.

ನನ್ನನ್ನು ಅಲುಗಾಡಿಸಿದ್ದು ಆ ನೋಟ್ ಬುಕ್ಕು. ಮೆಸೇಜ್ ಕಳೆದಿರಲಿಲ್ಲ. ಕ್ಯೂ ತಾನು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಿತ್ತು. ಆದರೆ ಆ ವ್ಯವಸ್ಥೆ ನಿಜವಾಗಿ ನಡೆಯುತ್ತಿದ್ದದ್ದು ಇಬ್ಬರು ನೌಕರರ ಸಂಜೆಯ ಫೋನ್ ಮೇಲೆ. ಅವರು ತಮ್ಮ ಕೆಲಸದ ಮೇಲಿನ ಪ್ರೀತಿಯಿಂದ ಖಾಲಿ ಜಾಗವನ್ನು ತುಂಬಿದ್ದರು. ತುಂಬಿದ್ದರಿಂದಲೇ ಅಲ್ಲಿ ಖಾಲಿ ಜಾಗವಿದೆ ಎಂದು ಯಾರಿಗೂ ಕಾಣಲಿಲ್ಲ. ಅಂದಿನಿಂದ ಯಾವ ಕಂಪನಿಗೆ ಹೋದರೂ ನಾನು ಡ್ಯಾಶ್‌ಬೋರ್ಡ್ ನೋಡುವ ಮುಂಚೆ ನೋಟ್ ಬುಕ್ ಹುಡುಕುತ್ತೇನೆ. ಕೆಲವು ಕಡೆ ಅದು ಎಕ್ಸೆಲ್ ಶೀಟ್ ಆಗಿರುತ್ತದೆ, ಕೆಲವು ಕಡೆ ವಾಟ್ಸ್ಆ್ಯಪ್ ಗುಂಪು. ಇನ್ನೊಂದು ಮಾತೂ ಅಲ್ಲೇ ಮನದಟ್ಟಾಯಿತು: ಮೆಸೇಜ್ ಕೆಡದೆ ಉಳಿದರೂ ಅದರ ಅರ್ಥ ಹಳೆಯದಾಗುತ್ತದೆ. ಕೂತಿರುವ ಆರ್ಡರನ್ನು ಮತ್ತೆ ಕಳಿಸಬೇಕೇ, ಬಿಡಬೇಕೇ, ಗಿರಾಕಿಯನ್ನು ಕೇಳಬೇಕೇ ಎಂಬುದನ್ನು ಮಿಡಲ್‌ವೇರ್ ತಂಡ ನಿರ್ಧರಿಸಲಾರದು. ಪಾರ್ಟ್ ನಂಬರ್ ನೋಡಿದ ಕೂಡಲೇ ‘ಇದು ಕಳಿಸಾಯ್ತಲ್ಲ’ ಎನ್ನಬಲ್ಲವರೇ ನಿರ್ಧರಿಸಬೇಕು. ಅವರಿಗೆ ಡೆಡ್ ಲೆಟರ್ ಕ್ಯೂ ಎಂಬುದೊಂದಿದೆ ಎಂದೇ ಯಾರೂ ಹೇಳಿರಲಿಲ್ಲ.

ಪೆಟ್ಟಿಗೆ ಮಾತಾಡಲಿ

ಗಾಂಧಿ ಬಜಾರಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ಕಾಲಿಡಲು ಜಾಗವಿಲ್ಲ, ಫೋನ್ ನೆಟ್‌ವರ್ಕೂ ಅಷ್ಟೇ ಇಕ್ಕಟ್ಟು. ನನ್ನ ಮುಂದೆ ನಿಂತಿದ್ದ ಹುಡುಗ ಸೇವಂತಿಗೆ ಮಾರು ಅಳೆಸಿಕೊಂಡು, ಸ್ಕ್ಯಾನ್ ಮಾಡಿ, ಫೋನಿನ ಹಸಿರು ಗುರುತನ್ನು ಹೂವಿನಮ್ಮನ ಮುಖದ ಮುಂದೆ ಹಿಡಿದ. ಅವರು ಅತ್ತ ನೋಡಲೂ ಇಲ್ಲ. ‘ಪೆಟ್ಟಿಗೆ ಮಾತಾಡ್ಲಿ ಇರಪ್ಪ’ ಅಂದರು. ಹೂವಿನ ಕಟ್ಟು ಅವರ ಕೈಯಲ್ಲೇ ಇತ್ತು. ಹುಡುಗ ‘ಕಟ್ ಆಗಿದೆ ಆಂಟಿ, ನೋಡಿ’ ಅಂದ. ‘ನಿಂದು ಕಟ್ ಆಗಿರ್ಬೋದು ಕಂದಾ, ನಂಗೆ ಬರ್ಬೇಕಲ್ಲ.’ ಮುಂದಿನ ಗಿರಾಕಿಗೆ ಹೂವು ಅಳೆಯುತ್ತಾ ಕಾದರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕನ್ನಡದಲ್ಲಿ ಮೊತ್ತ ಹೇಳಿತು. ಕಟ್ಟು ಕೈ ಬದಲಾಯಿತು.

ನಾನು ಇಷ್ಟು ವರ್ಷ ಮೀಟಿಂಗ್‌ಗಳಲ್ಲಿ ಹೇಳಲು ಒದ್ದಾಡುತ್ತಿದ್ದ ನಿಯಮ ಅದು. ಕಳಿಸಿದವನ ಹಸಿರು ಗುರುತು ಕಳಿಸಿದ್ದಕ್ಕೆ ಮಾತ್ರ ಸಾಕ್ಷಿ. ತಲುಪಿದ್ದಕ್ಕೆ ಸಾಕ್ಷಿ ತಲುಪಬೇಕಾದ ತುದಿಯಿಂದಲೇ ಬರಬೇಕು. ಆ ಪೆಟ್ಟಿಗೆಗೆ ಸುದ್ದಿ ಬರುವುದು ಅದರದೇ ಸಿಮ್ ಮೂಲಕ, ಹುಡುಗನ ಫೋನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದಕ್ಕೇ ಅದರ ಮಾತಿಗೆ ತೂಕ. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಲೇಖನದ ತಿರುಳೂ ಇದೇ. ಮಧ್ಯದ ಜಾಲವನ್ನು ಎಷ್ಟೇ ಭದ್ರ ಮಾಡಿದರೂ, ಕೆಲಸ ನಿಜವಾಗಿ ಆಯಿತೇ ಎಂಬ ಖಾತ್ರಿಯನ್ನು ಎರಡು ತುದಿಯವರೇ ಮಾಡಿಕೊಳ್ಳಬೇಕು.

ನಮ್ಮ ಬ್ಯಾಂಕುಗಳ ನಡುವಿನ ವ್ಯವಸ್ಥೆಗಳು ಇದನ್ನು ಚೆನ್ನಾಗಿ ಅರಿತಿವೆ. ನೆಫ್ಟ್ ಮಾಡಿದಾಗ ದುಡ್ಡು ಕಡಿತವಾದ ಸಂದೇಶ ಬಂದು ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂದೇಶ ಬರುತ್ತದಲ್ಲ, ನಿಮ್ಮ ಹಣ ಇಂಥ ದಿನ ಇಂಥ ಹೊತ್ತಿಗೆ ಪಡೆಯುವವರ ಖಾತೆಗೆ ಜಮಾ ಆಗಿದೆ ಎಂದು? ಅದು ತಾನಾಗಿ ಬರುವುದಲ್ಲ. ಹಣ ಪಡೆದ ಬ್ಯಾಂಕು, ಖಾತೆಗೆ ಜಮಾ ಮಾಡಿದ ಮೇಲೆ ಎನ್10 ಎಂಬ ಮೆಸೇಜನ್ನು ಹಿಂದಕ್ಕೆ ಕಳಿಸುತ್ತದೆ. ಅದರ ಆಧಾರದ ಮೇಲೆ ನಮ್ಮ ಬ್ಯಾಂಕು ನಮಗೆ ತಿಳಿಸುತ್ತದೆ. ನೆಫ್ಟ್ ಈಗ ಅರ್ಧ ಗಂಟೆಗೊಂದು ಬ್ಯಾಚಿನಂತೆ ದಿನದ 24 ಗಂಟೆಯೂ ನಡೆಯುತ್ತದೆ, 2019ರ ಡಿಸೆಂಬರ್‌ನಿಂದ. ಜಮಾ ಮಾಡಲು ಆಗದಿದ್ದರೆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಹಣವನ್ನು ವಾಪಸ್ ಕಳಿಸಬೇಕು. ತಡ ಮಾಡಿದ ಬ್ಯಾಂಕು ರೆಪೊ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕಟ್ಟಬೇಕು. ಯುಪಿಐಗೂ ಹಾಗೆಯೇ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುವಂತೆ, ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಹಣ ಒಂದು ಖಾತೆಯಿಂದ ಕಡಿತವಾಗಿ ಇನ್ನೊಂದು ಖಾತೆಗೆ ಸೇರದಿದ್ದರೆ ವಹಿವಾಟಿನ ಮರುದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ಬಾರದಿದ್ದರೆ ದಿನಕ್ಕೆ ₹100 ಪರಿಹಾರ. ಅಂಗಡಿಯವರಿಗೆ ಕೊಟ್ಟ ಹಣವಾದರೆ ಐದು ದಿನ.

ಈ ನಿಯಮಗಳನ್ನು ತಾಂತ್ರಿಕ ದೃಷ್ಟಿಯಿಂದ ಓದಿ ನೋಡಿ. ಮಧ್ಯದಲ್ಲಿ ಸಿಕ್ಕಿಕೊಂಡ ಮೆಸೇಜಿಗೆ ಯಾರು ಹೊಣೆ, ಎಷ್ಟು ಹೊತ್ತಿನೊಳಗೆ, ತಪ್ಪಿದರೆ ಬೆಲೆ ಏನು, ಮೂರೂ ಅಲ್ಲಿವೆ. ದುಡ್ಡು ಎಂಬ ಕಾರಣಕ್ಕೆ, ಮೇಲೊಬ್ಬ ನಿಯಂತ್ರಕ ಇದ್ದಾನೆ ಎಂಬ ಕಾರಣಕ್ಕೆ ಬ್ಯಾಂಕುಗಳು ಇದನ್ನು ಬರೆದಿಟ್ಟುಕೊಂಡಿವೆ. ಒಂದೇ ಕಂಪನಿಯ ಎರಡು ವಿಭಾಗಗಳ ನಡುವೆ ಇಂಥದ್ದನ್ನು ಬರೆದಿಟ್ಟುಕೊಂಡವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ನಾವೆಲ್ಲ ಒಂದೇ ಕಂಪನಿಯವರಲ್ಲವೇ, ಮಾತಾಡಿಕೊಂಡರಾಯಿತು ಎಂಬ ಧೋರಣೆ. ಮಾತಾಡಿಕೊಳ್ಳುವುದು ರಾತ್ರಿಯ ಬ್ರಿಡ್ಜ್ ಕಾಲ್‌ನಲ್ಲೇ.

ಎರಡು ಸಲ ಬಂದರೆ

ತಲುಪಿತೋ ಇಲ್ಲವೋ ಎಂಬ ಅನುಮಾನಕ್ಕೆ ಮೆಸೇಜ್‌ಗಳಿಂದಲೇ ಪೂರ್ತಿ ಪರಿಹಾರ ಸಿಗದು ಎಂಬುದು 1975ರಷ್ಟು ಹಿಂದೆಯೇ ತಿಳಿದಿತ್ತು. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ ಅದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಹೆಸರಿಟ್ಟರು. ನನ್ನ ಮೆಸೇಜ್ ತಲುಪಿತು ಎಂಬ ಉತ್ತರ ದಾರಿಯಲ್ಲಿ ಕಳೆದುಹೋದರೆ ನಾನು ಮತ್ತೆ ಕಳಿಸಬೇಕು, ಆಗ ಆ ಕಡೆ ಎರಡು ಸಲ ತಲುಪುತ್ತದೆ. ಮತ್ತೆ ಕಳಿಸದಿದ್ದರೆ ಒಂದು ಸಲವೂ ತಲುಪದೇ ಇರಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ವ್ಯವಹಾರದ ಕೆಲಸದಲ್ಲಿ ಎಲ್ಲರೂ ಆರಿಸಿಕೊಳ್ಳುವುದು ಮೊದಲನೆಯದನ್ನೇ. ಆದ್ದರಿಂದ ಒಂದೇ ಮೆಸೇಜ್ ಎರಡು ಸಲ ಬಂದರೂ ಕೆಲಸ ಒಂದೇ ಸಲ ಆಗುವಂತೆ ನೋಡಿಕೊಳ್ಳುವ ಹೊಣೆ ಪಡೆಯುವವರ ಮೇಲೆ ಬೀಳುತ್ತದೆ.

ಇದಕ್ಕೆ ನಾನು ಹೊಸಬರಿಗೆ ಕೊಡುವ ಉದಾಹರಣೆ ಜಿಎಸ್‌ಟಿ ಇ-ಇನ್‌ವಾಯ್ಸ್. ಮಾರುವವರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಬಗೆ, ಬಿಲ್ ನಂಬರ್, ಹಣಕಾಸು ವರ್ಷ, ಇಷ್ಟರಿಂದ ಲೆಕ್ಕ ಹಾಕಿ 64 ಅಕ್ಷರಗಳ ಐಆರ್‌ಎನ್, ಅಂದರೆ ಆ ಬಿಲ್ಲಿನ ಗುರುತು, ಹುಟ್ಟುತ್ತದೆ. ಅದೇ ಬಿಲ್ಲನ್ನು ಎಷ್ಟು ಸಲ ಕಳಿಸಿದರೂ ಅದೇ ಐಆರ್‌ಎನ್. ಎರಡನೇ ಸಲ ಸರ್ಕಾರದ ಪೋರ್ಟಲ್ 2150 ಎಂಬ ಕೋಡ್ ಕೊಟ್ಟು, ಇದು ಆಗಲೇ ಬಂದಿದೆ ಎಂದು ವಾಪಸ್ ಕಳಿಸುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗ ನಿಶ್ಚಿಂತೆಯಿಂದ ಮತ್ತೆ ಕಳಿಸಬಹುದು. ವ್ಯವಹಾರದಲ್ಲೇ ಇರುವ ಗುರುತನ್ನು ಬಳಸಿದ್ದೇ ಇದರ ಜಾಣ್ಮೆ. ಮಿಡಲ್‌ವೇರ್ ತಾನೇ ಕೊಡುವ ಮೆಸೇಜ್ ಐಡಿಯನ್ನು ನಂಬಿ ಕೂತವರು ಕಷ್ಟಕ್ಕೆ ಸಿಕ್ಕುತ್ತಾರೆ, ಯಾಕೆಂದರೆ ಶಾಖೆಯವರು ಅದೇ ಆರ್ಡರನ್ನು ಎರಡನೇ ಸಲ ಒತ್ತಿದರೆ ಮೆಸೇಜ್ ಐಡಿ ಹೊಸದಾಗಿರುತ್ತದೆ. ಪೀಣ್ಯದ ಅಪ್ಲಿಕೇಶನ್‌ನಲ್ಲಿ ಆರ್ಡರ್ ನಂಬರ್ ಮತ್ತು ಸಾಲಿನ ನಂಬರ್ ಸೇರಿಸಿ ನೋಡುವ ಪರೀಕ್ಷೆ ಇದ್ದಿದ್ದರೂ ಆ ಫೋನ್ ಆರ್ಡರ್‌ಗಳನ್ನು ಅದು ಗುರುತಿಸುತ್ತಿರಲಿಲ್ಲ. ಅವು ನೋಟ್ ಬುಕ್ಕಿನಲ್ಲಷ್ಟೇ ಇದ್ದವು.

ಕಾಫ್ಕಾ ಬಂದರೆ ಹೋಗುತ್ತದೆಯೇ

ಈಗಿನ ಹುಡುಗರು ಕೇಳುತ್ತಾರೆ, ಇದೆಲ್ಲ ಹಳೆಯ ಕ್ಯೂಗಳ ತೊಂದರೆಯಲ್ಲವೇ, ಕಾಫ್ಕಾದಲ್ಲಿ ಮೆಸೇಜ್ ಓದಿದ ಮೇಲೂ ಅಳಿಯುವುದಿಲ್ಲವಲ್ಲ ಎಂದು. ಅಳಿಯುವುದಿಲ್ಲ ನಿಜ, ಸೆಟ್ಟಿಂಗ್ ಮುಟ್ಟದಿದ್ದರೆ ಏಳು ದಿನ. ಆಮೇಲೆ ಅಳಿಯುತ್ತದೆ, ಯಾರಾದರೂ ಓದಿದ್ದರೂ ಸರಿ, ಓದದಿದ್ದರೂ ಸರಿ. ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಕ್ಯೂ ಸೇವೆಯಲ್ಲಿ ನಾಲ್ಕು ದಿನ, ಹೆಚ್ಚೆಂದರೆ ಹದಿನಾಲ್ಕು. ರ‍್ಯಾಬಿಟ್‌ಎಂಕ್ಯೂನಲ್ಲಿ ದಾರಿ ಸಿಗದ ಮೆಸೇಜನ್ನು ಏನು ಮಾಡಬೇಕೆಂದು ಮೊದಲೇ ಹೇಳಿರದಿದ್ದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಹುಬ್ಬಳ್ಳಿಯ ಆರ್ಡರ್‌ಗಳು ತಿಂಗಳುಗಟ್ಟಲೆ ಆದ ಮೇಲೂ ನಮಗೆ ಸಿಕ್ಕಿದ್ದು ಹಳೆಯ ಎಂಕ್ಯೂ ಅವನ್ನು ಹಟ ಹಿಡಿದು ಇಟ್ಟುಕೊಂಡಿದ್ದರಿಂದ. ಅದರಲ್ಲೂ ಮೆಸೇಜಿಗೆ ಆಯುಷ್ಯ ಬರೆದಿದ್ದರೆ ಉಳಿಯುತ್ತಿರಲಿಲ್ಲ. ಆ ಆಯುಷ್ಯವನ್ನು ಬರೆಯುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಒಂದು ನಿಮಿಷ ಎಂದುಕೊಂಡು 60 ಎಂದು ಬರೆದರೆ ಮೆಸೇಜಿಗೆ ಆರೇ ಸೆಕೆಂಡು.

ಸಾಧನ ಯಾವುದೇ ಇರಲಿ, ಅದನ್ನು ಕೀಳು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಯಾವುದನ್ನು ಆರಿಸಿಕೊಂಡರೂ ಡೆಡ್ ಲೆಟರ್ ಕ್ಯೂ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಇಲ್ಲವೆಂದರೆ ಮೆಸೇಜ್ ಕಳೆಯುತ್ತಿದೆ ಎಂದು ಅರ್ಥ. ಹಾಗಿರುವಾಗ ಅದನ್ನು ದಿನಾ ತೆರೆದು ನೋಡುವವರು ಯಾರು ಎಂಬುದನ್ನು ಪ್ರಾಡಕ್ಟ್ ಆರಿಸುವ ಮೊದಲೇ ಕೇಳಬೇಕು ಎಂಬುದಷ್ಟೇ ನನ್ನ ಹಟ.

ಈಗ ನಾನು ಕೇಳುವುದು

ಹೊಸ ಜೋಡಣೆಯ ಕೆಲಸ ಬಂದಾಗ ಮೊದಲ ಮೀಟಿಂಗಿಗೆ ಕಳಿಸುವ ವಿಭಾಗದ ಒಬ್ಬರು, ಪಡೆಯುವ ವಿಭಾಗದ ಒಬ್ಬರು ಬರಲೇಬೇಕು ಎನ್ನುತ್ತೇನೆ. ಐಟಿಯವರು ಸಾಲದು. ಪಾರ್ಟ್ ನಂಬರ್ ಓದಿ ಅರ್ಥ ಹೇಳಬಲ್ಲವರು ಬೇಕು. ಅವರ ಮುಂದೆ ಇಡುವ ಪ್ರಶ್ನೆಗಳು ಕೆಲವೇ. ಈ ಮೆಸೇಜ್ ಒಂದು ದಿನ ತಡವಾಗಿ ಬಂದರೆ ನಿಮಗೆ ಇನ್ನೂ ಬೇಕೇ? ಸಿಕ್ಕಿಕೊಂಡರೆ ಯಾರನ್ನು ಕರೆಯಬೇಕು, ಆ ವ್ಯಕ್ತಿ ರಜೆಯಲ್ಲಿದ್ದರೆ ಇನ್ನಾರು? ಕೆಲಸ ಮುಗಿಯಿತು ಎಂದು ಈ ಕಡೆಗೆ ಹೇಗೆ ತಿಳಿಸುತ್ತೀರಿ? ಕೊನೆಯ ಪ್ರಶ್ನೆಗೆ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಅದು ಮಿಡಲ್‌ವೇರ್ ಮಾಡುವ ಕೆಲಸವಲ್ಲವೇ ಎನ್ನುತ್ತಾರೆ. ಗೋದಾಮಿನಲ್ಲಿ ಸಾಮಾನು ತೆಗೆದು ಲಾರಿಗೆ ಹಾಕಿದ್ದು ಮಿಡಲ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ಹಾಕಿದವರೇ ಹೇಳಬೇಕು.

ಈ ಮೀಟಿಂಗ್‌ಗಳಿಗೆ ಸಮಯ ಹಿಡಿಯುತ್ತದೆ, ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಇಷ್ಟವಾಗುವುದಿಲ್ಲ. ಕ್ಯೂ ಹಾಕುವುದೇ ಎರಡು ತಂಡಗಳು ಒಬ್ಬರನ್ನೊಬ್ಬರು ಕಾಯದಿರಲಿ ಎಂದು, ನೀವು ಮತ್ತೆ ಅವರನ್ನು ಒಂದೇ ಕೋಣೆಗೆ ತರುತ್ತೀರಲ್ಲ ಎಂಬ ಆಕ್ಷೇಪವನ್ನು ಒಬ್ಬ ಒಳ್ಳೆಯ ಮ್ಯಾನೇಜರ್ ನನ್ನ ಮುಂದೆಯೇ ಎತ್ತಿದ್ದರು. ಅವರ ಮಾತಿನಲ್ಲಿ ಹುರುಳಿದೆ. ಪ್ರೋಗ್ರಾಂಗಳು ಒಂದನ್ನೊಂದು ಕಾಯಬಾರದು ನಿಜ. ಆದರೆ ಆ ಪ್ರೋಗ್ರಾಂಗಳ ಹಿಂದಿರುವ ಜನರಿಗೆ ಪರಸ್ಪರ ಪರಿಚಯವೇ ತಪ್ಪಿಹೋದರೆ, ಮೆಸೇಜ್ ಸಿಕ್ಕಿಕೊಂಡ ದಿನ ಯಾರಿಗೆ ಫೋನ್ ಮಾಡಬೇಕೆಂದೂ ತಿಳಿಯುವುದಿಲ್ಲ. ಹುಬ್ಬಳ್ಳಿಗೂ ಪೀಣ್ಯಕ್ಕೂ ಆ ಪರಿಚಯ ಉಳಿದಿತ್ತು. ಅದಿಲ್ಲದ ಕಂಪನಿಯಾಗಿದ್ದರೆ ಗದಗದ ರೈತರಂತೆ ಕಾಯುವವರು ಇನ್ನೂ ಎಷ್ಟೋ ಮಂದಿ ಇರುತ್ತಿದ್ದರು.

ಪೀಣ್ಯದಲ್ಲಿ ನಾವು ಮಾಡಿದ್ದು ದೊಡ್ಡದೇನಲ್ಲ. ಡೆಡ್ ಲೆಟರ್ ಕ್ಯೂನಲ್ಲಿ ಒಂದು ಮೆಸೇಜ್ ಬಂದರೂ ಸ್ಟೋರ್ಸ್‌ನ ಸ್ಕ್ರೀನಿನ ಮೇಲೆ ಒಂದು ಸಾಲು ಬರುತ್ತದೆ: ಯಾವ ಶಾಖೆ, ಯಾವ ಪಾರ್ಟ್, ಎಷ್ಟು, ಯಾವಾಗ ಹೊರಟಿದ್ದು. ಕಾರಣ 2085 ಎಂದು ಬರುವುದಿಲ್ಲ, ‘ಗೋದಾಮಿನ ವಿಳಾಸ ತಪ್ಪಾಗಿದೆ’ ಎಂದು ಕನ್ನಡದಲ್ಲೇ ಬರುತ್ತದೆ. ಎದುರಿಗೆ ಮೂರು ಬಟನ್: ಕಳಿಸಿ, ಬೇಡ, ಶಾಖೆಯನ್ನು ಕೇಳಿ. ಅಂದಿನ ಸಾಲು ಅಂದೇ ತೀರಬೇಕು. ತೀರದಿದ್ದರೆ ಮರುದಿನ ಬೆಳಿಗ್ಗೆ ಕಾರ್ಖಾನೆಯ ಮ್ಯಾನೇಜರ್ ಸ್ಕ್ರೀನಿಗೆ ಹೋಗುತ್ತದೆ. ವಿಳಾಸ ಸರಿಪಡಿಸುವುದು ಐಟಿ ಹೊಣೆ, ಆರ್ಡರ್ ಏನಾಗಬೇಕೆಂದು ಹೇಳುವುದು ಸ್ಟೋರ್ಸ್ ಹೊಣೆ ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಸಾಮಾನು ಲಾರಿಗೆ ಏರಿದ ಮೇಲೆ ಗೋದಾಮಿನಿಂದ ಒಂದು ಮೆಸೇಜ್ ವಾಪಸ್ ಹೊರಟು ಶಾಖೆಯ ಸ್ಕ್ರೀನಿನಲ್ಲಿ ಆ ಆರ್ಡರಿನ ಪಕ್ಕ ಲಾರಿ ನಂಬರ್ ತೋರಿಸುತ್ತದೆ. ಅದು ಕಾಣುವವರೆಗೂ ಶಾಖೆಯ ಲೆಕ್ಕದಲ್ಲಿ ಆರ್ಡರ್ ಬಾಕಿಯೇ. ಹುಬ್ಬಳ್ಳಿಯವರು ಈಗಲೂ ಒಮ್ಮೊಮ್ಮೆ ಸಂಜೆ ಫೋನ್ ಮಾಡುತ್ತಾರಂತೆ. ಅದನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಿಲ್ಲ, ಆದರೆ ಫೋನ್‌ನಲ್ಲಿ ಬಂದ ಆರ್ಡರನ್ನೂ ಅದೇ ಆರ್ಡರ್ ನಂಬರಿನ ಕೆಳಗೆ ಅಪ್ಲಿಕೇಶನ್‌ನಲ್ಲಿ ಹಾಕಿ ಎಂದು ಕೇಳಿಕೊಂಡಿದ್ದೇನೆ.

ಇನ್ನು ಉಳಿದಿರುವುದು ಲಾರಿಯಿಂದ ಮುಂದಿನ ದಾರಿ. ಸಾಗಣೆಯವರ ಕಡೆಯಿಂದ ಬರುವುದು ರಾತ್ರಿಗೊಂದು ಫೈಲ್ ಮಾತ್ರ, ಅದರಲ್ಲಿ ಲೋಡ್ ಹೊರಟದ್ದು ಇರುತ್ತದೆ, ಇಳಿದದ್ದು ಇರುವುದಿಲ್ಲ. ಇಳಿದದ್ದನ್ನೂ ಗಿರಾಕಿಯ ಸಹಿಯ ಹೊತ್ತಿನ ಸಮೇತ ಕಳಿಸಿ ಎಂದು ಕೇಳಿದ್ದೇವೆ. ಅವರ ಉತ್ತರ ಇನ್ನೂ ಬಂದಿಲ್ಲ, ಮುಂದಿನ ವಾರ ಯಶವಂತಪುರದ ಅವರ ಆಫೀಸಿಗೆ ಹೋಗಿ ಕೂತು ಮಾತಾಡಬೇಕೆಂದಿದ್ದೇವೆ, ಈ ಸಲ ಸ್ಟೋರ್ಸ್‌ನ ಹಿರಿಯರನ್ನೂ ಕರೆದುಕೊಂಡು.